ಆನ್‌ಲೈನ್ ತರಬೇತಿ ನಿಮ್ಮ ಸಂಸ್ಥೆಗೆ ಹೊಂದುತ್ತದೆಯೇ? ಡೆಮೊ ನೋಡುವ ಮುಂಚೆ ಮಾಡಬೇಕಾದ ಕೆಲಸಗಳು

ಬಹಳಷ್ಟು ಸಂಸ್ಥೆಗಳಲ್ಲಿ ಈ ಕೆಲಸ ಕೆಡುವುದು ಒಂದೇ ಜಾಗದಲ್ಲಿ. ಮೊದಲು ತರಬೇತಿ ಸಾಫ್ಟ್‌ವೇರ್‌ನ ಡೆಮೊ ನೋಡುತ್ತಾರೆ. ಡ್ಯಾಶ್‌ಬೋರ್ಡ್ ಚೆನ್ನಾಗಿ ಕಾಣುತ್ತದೆ, ವರ್ಷದ ಲೈಸೆನ್ಸ್ ಒಟ್ಟಿಗೆ ತೆಗೆದುಕೊಂಡರೆ ರಿಯಾಯಿತಿ ಬೇರೆ. ಕೊಂಡಾದ ಮೇಲೆ "ಇದರಲ್ಲಿ ಏನು ಹಾಕೋಣ?" ಅನ್ನುವ ಪ್ರಶ್ನೆ ಏಳುತ್ತದೆ. ಹಳೆಯ ಸ್ಲೈಡುಗಳನ್ನೆಲ್ಲ ತಂದು ತುಂಬುತ್ತಾರೆ. ಆರು ತಿಂಗಳು ಕಳೆದರೆ ಲಾಗಿನ್ ಆಗುವವರು ಎಚ್‌ಆರ್ ವಿಭಾಗದವರು ಮಾತ್ರ.

ಅದಕ್ಕೇ ಕೆಳಗಿನ ಹಂತಗಳಲ್ಲಿ ಸಾಫ್ಟ್‌ವೇರ್ ಕಟ್ಟಕಡೆಗೆ ಬರುತ್ತದೆ. ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. "ನಮ್ಮ ಸಂಸ್ಥೆಗೆ ಆನ್‌ಲೈನ್ ತರಬೇತಿ ಸರಿಯೇ?" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ, ಪ್ರಶ್ನೆ ತೀರಾ ದೊಡ್ಡದು. "ಈ ಕೆಲಸವನ್ನು ಈ ಜನಕ್ಕೆ ಆನ್‌ಲೈನ್‌ನಲ್ಲಿ ಕಲಿಸಬಹುದೇ?" ಅಂತ ಕೇಳಿ, ಸಿಗುತ್ತದೆ. ಒಂದೇ ಸಂಸ್ಥೆಯಲ್ಲಿ ಒಂದು ಕೆಲಸಕ್ಕೆ ಹೌದು, ಪಕ್ಕದ ಕೆಲಸಕ್ಕೆ ಬೇಡ ಅಂತ ಬರುವುದು ಮಾಮೂಲಿ.

ಶುರು ಮಾಡುವಾಗ ಕೈಯಲ್ಲಿ ಇರಬೇಕಾದದ್ದು

ದೊಡ್ಡ ಪಟ್ಟಿ ಏನಿಲ್ಲ. ಒಂದು ಎಕ್ಸೆಲ್ ಶೀಟ್ ಬೇಕು. ಕಳೆದ ಒಂದು ವರ್ಷದ ತಪ್ಪುಗಳ ದಾಖಲೆ ಬೇಕು: ದೂರುಗಳು, ಮತ್ತೆ ಮಾಡಬೇಕಾಗಿ ಬಂದ ಕೆಲಸ, ಅಪಘಾತದ ವರದಿ, ಹೆಲ್ಪ್‌ಡೆಸ್ಕ್‌ಗೆ ಬಂದ ಕರೆಗಳು, ಯಾವುದಿದೆಯೋ ಅದು. ಜೊತೆಗೆ ಮೂವರು: ಆ ಕೆಲಸವನ್ನು ದಿನಾ ನೋಡುವ ಸೂಪರ್‌ವೈಸರ್, ಇತ್ತೀಚೆಗೆ ಸೇರಿದ ಒಬ್ಬ ಹೊಸಬರು, ಖರ್ಚಿಗೆ ಸಹಿ ಹಾಕುವವರು.

ಹೊಸಬರನ್ನು ಬಿಡಬೇಡಿ. ಹತ್ತಾರು ವರ್ಷದಿಂದ ಅದೇ ಕೆಲಸ ಮಾಡುತ್ತಿರುವವರಿಗೆ ಯಾವ ಭಾಗ ಕಷ್ಟ ಅನ್ನುವುದೇ ಮರೆತುಹೋಗಿರುತ್ತದೆ. ಐಟಿಯವರು 4ನೇ ಹಂತಕ್ಕೆ ಬಂದರೆ ಸಾಕು. ಸಾಫ್ಟ್‌ವೇರ್ ಮಾರುವವರು 8ನೇ ಹಂತದವರೆಗೆ ಕಾಯಲಿ.

ಹಂತ 1: ತೊಂದರೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಸಿಬ್ಬಂದಿಗೆ ಗ್ರಾಹಕ ಸೇವೆಯ ತರಬೇತಿ ಬೇಕು" ಅಂತ ಬರೆದರೆ ನೀವು ಬರೆದದ್ದು ಮದ್ದು, ರೋಗವನ್ನಲ್ಲ. ವಾಕ್ಯದಲ್ಲಿ ಯಾರು, ಯಾವ ಕೆಲಸ, ಏನು ತಪ್ಪುತ್ತಿದೆ, ಎಷ್ಟು ಸಲ ಅನ್ನುವುದು ಇರಬೇಕು. ಹೀಗೆ: "ಬಿಲ್ಲಿಂಗ್ ಕೌಂಟರ್‌ಗೆ ಸೇರಿದ ಹೊಸಬರು ಮೊದಲ ತಿಂಗಳು ರಿಫಂಡ್ ಎಂಟ್ರಿಗಳಲ್ಲಿ ಹತ್ತಕ್ಕೆ ಎರಡನ್ನು ತಪ್ಪು ಕೋಡ್‌ನಲ್ಲಿ ಹಾಕುತ್ತಾರೆ. ಅಕೌಂಟ್ಸ್‌ನವರು ತಿಂಗಳ ಕೊನೆಗೆ ಕೂತು ತಿದ್ದಬೇಕು."

ಅಂಕಿ ಸಿಗದಿದ್ದರೆ ಇಲ್ಲೇ ನಿಲ್ಲಿ. ಎರಡು ವಾರ ಎಣಿಸಿ, ಆಮೇಲೆ ಮುಂದುವರಿಯಿರಿ. ಈಗ ಎಣಿಸದಿದ್ದರೆ ತರಬೇತಿ ಮುಗಿದ ಮೇಲೆ ಏನು ಬದಲಾಯಿತು ಅಂತ ಹೇಳುವುದಕ್ಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಅಪಾಯದ ಗುರುತು: ವಾಕ್ಯದಲ್ಲಿ "ಅರಿವು ಮೂಡಿಸುವುದು", "ಮನೋಭಾವ ಬದಲಿಸುವುದು" ಅಂತ ಬಂದರೆ ಇನ್ನೂ ತೊಂದರೆ ಏನು ಅಂತ ಗೊತ್ತಾಗಿಲ್ಲ ಎಂದರ್ಥ.

ಹಂತ 2: ಇದು ಗೊತ್ತಿಲ್ಲದ್ದರಿಂದ ಆದ ತೊಂದರೆಯೇ?

ತರಬೇತಿ ಕ್ಷೇತ್ರದಲ್ಲಿ ಹೆಸರಾದ ರಾಬರ್ಟ್ ಮೇಗರ್ ಮತ್ತು ಪೀಟರ್ ಪೈಪ್ 1970ರಲ್ಲೇ ಒಂದು ಒರಟು ಪ್ರಶ್ನೆ ಕೊಟ್ಟಿದ್ದರು: ಪ್ರಾಣದ ಮೇಲೆ ಬಂದರೆ ಇವರು ಈ ಕೆಲಸವನ್ನು ಸರಿಯಾಗಿ ಮಾಡಬಲ್ಲರೇ? ಮಾಡಬಲ್ಲರು ಅಂತಾದರೆ ಅವರಿಗೆ ಕೆಲಸ ಗೊತ್ತಿದೆ. ಇನ್ನೆಷ್ಟು ತರಬೇತಿ ಕೊಟ್ಟರೂ ಅಷ್ಟೇ.

ಇದನ್ನು ಮೀಟಿಂಗ್ ಕೋಣೆಯಲ್ಲಿ ಕೂತು ತೀರ್ಮಾನಿಸಬೇಡಿ. ಕೆಲಸ ನಡೆಯುವ ಜಾಗಕ್ಕೆ ಹೋಗಿ, ಅರ್ಧ ದಿನ ಪಕ್ಕದಲ್ಲಿ ಕೂತು ನೋಡಿ. ಮೇಲಿನ ರಿಫಂಡ್ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕೌಂಟರ್‌ನಲ್ಲಿ ಕೂತರೆ ಕಾಣುವುದು ಹೀಗಿರಬಹುದು: ಪರದೆಯ ಮೇಲಿನ ಪಟ್ಟಿಯಲ್ಲಿ "ರಿಫಂಡ್", "ರಿವರ್ಸಲ್" ಎರಡೂ ಒಂದರ ಕೆಳಗೊಂದು ಇವೆ. ಅಕ್ಷರ ಸಣ್ಣದು. ಎದುರಿಗೆ ಆರು ಜನ ಸಾಲಿನಲ್ಲಿ ನಿಂತಿದ್ದಾರೆ. ಬೆರಳು ಮೇಲಿನದಕ್ಕೆ ಹೋಗುತ್ತದೆ, ಅಷ್ಟೇ. ಇದಕ್ಕೆ ಮದ್ದು ಪಟ್ಟಿಯ ಕ್ರಮ ಬದಲಿಸುವುದು. ಅದು ಒಂದು ಮಧ್ಯಾಹ್ನದ ಕೆಲಸ, ಕೋರ್ಸ್ ಬೇಕಿಲ್ಲ.

ಉಪಕರಣ ಸರಿ ಇಲ್ಲ, ಸಮಯ ಸಾಲದು, ಸರಿಯಾಗಿ ಮಾಡಿದವರಿಗೂ ತಪ್ಪು ಮಾಡಿದವರಿಗೂ ಒಂದೇ ಫಲ, ಇಬ್ಬರು ಮೇಲಧಿಕಾರಿಗಳು ಎರಡು ರೀತಿ ಹೇಳುತ್ತಾರೆ. ಇವು ಯಾವುದನ್ನೂ ತರಬೇತಿ ತಿದ್ದುವುದಿಲ್ಲ. ಮೂರು ತಿಂಗಳಿಗೊಮ್ಮೆ ಬರುವ ಕೆಲಸವಾದರೆ ಕಲಿಸಿದ್ದು ಅಷ್ಟರಲ್ಲಿ ಮರೆತುಹೋಗಿರುತ್ತದೆ. ಅಂಥದ್ದಕ್ಕೆ ಒಂದು ಪುಟದ ಚೆಕ್‌ಲಿಸ್ಟ್ ಬರೆದು ಯಂತ್ರದ ಪಕ್ಕ ಅಂಟಿಸಿ.

ಪ್ರಾಮಾಣಿಕವಾಗಿ ನೋಡಿದರೆ ನೀವು ಶೀಟ್‌ನಲ್ಲಿ ಬರೆದಿಟ್ಟ ತೊಂದರೆಗಳಲ್ಲಿ ಒಂದಿಷ್ಟು ಈ ಹಂತದಲ್ಲೇ ಉದುರಬೇಕು. ಒಂದೂ ಉದುರದಿದ್ದರೆ ಮತ್ತೊಮ್ಮೆ ನೋಡಿ.

ಹಂತ 3: ಉಳಿದ ಕೆಲಸವನ್ನು ತುಂಡು ಮಾಡಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಹೆಚ್ಚಿನವರು ಹಾರಿಹೋಗುವುದೂ ಇದನ್ನೇ. ಒಂದು ಕೆಲಸ ಅಂತ ನಾವು ಕರೆಯುವುದರೊಳಗೆ ನಾಲ್ಕು ಬಗೆಯ ತುಂಡುಗಳು ಇರಬಹುದು: ತಿಳಿದಿರಬೇಕಾದದ್ದು, ನಿರ್ಧರಿಸಬೇಕಾದದ್ದು, ಕೈಯಿಂದ ಮಾಡಬೇಕಾದದ್ದು, ಇನ್ನೊಬ್ಬರ ಜೊತೆ ಮಾತಾಡಿ ನಿಭಾಯಿಸಬೇಕಾದದ್ದು. ಆನ್‌ಲೈನ್ ಪ್ರತಿಯೊಂದಕ್ಕೂ ಬೇರೆ ಬೇರೆ ರೀತಿ ಹೊಂದುತ್ತದೆ.

ಹೃದಯ ನಿಂತವರಿಗೆ ಮಾಡುವ ಸಿಪಿಆರ್ ತೆಗೆದುಕೊಳ್ಳಿ. ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ದೊಡ್ಡವರಿಗಾದರೆ 5 ಸೆಂಟಿಮೀಟರ್‌ಗಿಂತ ಕಡಿಮೆ ಆಗಬಾರದು, 6 ದಾಟಬಾರದು, ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಇದು ತಿಳಿದಿರಬೇಕಾದ ತುಂಡು. ಮೊಬೈಲ್‌ನಲ್ಲಿ ಹತ್ತು ನಿಮಿಷದಲ್ಲಿ ಕಲಿಸಬಹುದು, ಕ್ವಿಜ್‌ನಲ್ಲಿ ಎಲ್ಲರೂ ಪಾಸಾಗುತ್ತಾರೆ. ಬಿದ್ದವರಿಗೆ ಪ್ರಜ್ಞೆ ಇದೆಯೇ, ಉಸಿರಾಟ ಸಹಜವಾಗಿದೆಯೇ, ಈಗ ಶುರು ಮಾಡಬೇಕೇ ಅನ್ನುವುದು ನಿರ್ಧಾರದ ತುಂಡು. ವಿಡಿಯೊ ತೋರಿಸಿ "ಈಗ ಏನು ಮಾಡುತ್ತೀರಿ?" ಅಂತ ಕೇಳುತ್ತಾ ಹೋದರೆ ಇದನ್ನೂ ಆನ್‌ಲೈನ್‌ನಲ್ಲಿ ತಕ್ಕಮಟ್ಟಿಗೆ ಕಲಿಸಬಹುದು.

ಆದರೆ 5 ಸೆಂಟಿಮೀಟರ್ ಅಂದರೆ ಕೈಗೆ ಎಷ್ಟು ಭಾರ ಬೇಕು, ಎರಡನೇ ನಿಮಿಷಕ್ಕೆ ತೋಳು ಹೇಗೆ ಸೋಲುತ್ತದೆ ಅನ್ನುವುದು ಪರದೆಯಿಂದ ಗೊತ್ತಾಗುವುದಿಲ್ಲ. ಅದಕ್ಕೆ ಬೊಂಬೆ ಬೇಕು, ಪಕ್ಕದಲ್ಲಿ ನಿಂತು "ಇನ್ನೂ ಜೋರಾಗಿ" ಅನ್ನುವವರು ಬೇಕು. ಅಂದರೆ ಸಿಪಿಆರ್ ಆನ್‌ಲೈನ್‌ಗೆ ಆಗುತ್ತದೆಯೇ ಅನ್ನುವ ಪ್ರಶ್ನೆಗೆ ಎರಡು ತುಂಡು ಹೌದು, ಒಂದು ಇಲ್ಲ.

ನಿಮ್ಮ ಶೀಟ್‌ನಲ್ಲೂ ಹೀಗೇ ಮಾಡಿ. ಒಂದೊಂದು ತುಂಡಿಗೆ ಒಂದೊಂದು ಸಾಲು. ಪಕ್ಕದಲ್ಲಿ ಎರಡು ಪ್ರಶ್ನೆ ಬರೆಯಿರಿ:

1. ತಪ್ಪು ಮಾಡಿದರೆ ಕಲಿಯುವವರಿಗೆ ತಾವೇ ಗೊತ್ತಾಗುತ್ತದೆಯೇ, ಇನ್ನೊಬ್ಬರು ನೋಡಿ ಹೇಳಬೇಕೇ?
2. ತಪ್ಪಾದರೆ ಆಗುವ ನಷ್ಟ ಎಷ್ಟು?

ಇನ್ನೊಬ್ಬರು ನೋಡಿಯೇ ಹೇಳಬೇಕು, ನಷ್ಟವೂ ದೊಡ್ಡದು ಅಂತಾದರೆ ಆ ತುಂಡನ್ನು ಬರೀ ಆನ್‌ಲೈನ್‌ಗೆ ಬಿಡಬೇಡಿ. ಎಷ್ಟೇ ಅಗ್ಗವಾದರೂ ಬೇಡ.

ಕಾನೂನಿಗಾಗಿ ಕೊಡುವ ತರಬೇತಿಯಾದರೆ ನಿಯಮದ ಮೂಲ ಪಠ್ಯವನ್ನೇ ಓದಿ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಒಶಾ ಫೋರ್ಕ್‌ಲಿಫ್ಟ್ ಓಡಿಸುವವರಿಗೆ ಮಾಡಿರುವ ನಿಯಮ ಒಳ್ಳೆಯ ಮಾದರಿ. ಪಾಠದ ಭಾಗವನ್ನು ಕಂಪ್ಯೂಟರ್‌ನಲ್ಲಿ ಕಲಿಸಲು ಅದು ಒಪ್ಪುತ್ತದೆ. ಆದರೆ ಕೈಯಾರೆ ಓಡಿಸುವ ಅಭ್ಯಾಸ, ಕೆಲಸದ ಜಾಗದಲ್ಲಿ ಓಡಿಸುವುದನ್ನು ನೋಡಿ ಮಾಡುವ ಮೌಲ್ಯಮಾಪನ, ಎರಡನ್ನೂ ಬೇರೆಯಾಗಿ ಕೇಳುತ್ತದೆ. ನಿಮ್ಮ ಕ್ಷೇತ್ರದ ನಿಯಮ ಏನನ್ನುತ್ತದೆ ಅಂತ ಮಾರಾಟಗಾರರನ್ನು ಕೇಳಬೇಡಿ. ಅವರು "ಎಲ್ಲ ಆಗುತ್ತದೆ ಸಾರ್" ಅಂತಲೇ ಹೇಳುವುದು.

ಹಂತ 4: ಕಲಿಯುವವರ ಕೈಯಲ್ಲಿ ಏನಿದೆ?

ಹೆಡ್ ಆಫೀಸಿನವರು ತಮ್ಮ ಲ್ಯಾಪ್‌ಟಾಪ್ ನೋಡಿಕೊಂಡು ತೀರ್ಮಾನ ಮಾಡುವುದರಿಂದ ಇಲ್ಲಿ ಎಡವುತ್ತಾರೆ. ಐವರು ಮಾಮೂಲಿ ಸಿಬ್ಬಂದಿಯನ್ನು ಆರಿಸಿ, ಅವರು ಕೆಲಸ ಮಾಡುವ ಜಾಗದಲ್ಲೇ, ಅವರದೇ ಸಾಧನದಲ್ಲಿ ಒಂದು ವಿಡಿಯೊ ತೆರೆಸಿ ನೋಡಿ. ಫೋನ್ ಮಾಡಿ ಕೇಳಿದರೆ ಸಾಲದು, "ಓಪನ್ ಆಗುತ್ತೆ" ಅಂದುಬಿಡುತ್ತಾರೆ.

ಮೊದಲು ನೆಟ್‌ವರ್ಕ್ ಲೆಕ್ಕ ಹಾಕಿ. ಸೆಕೆಂಡಿಗೆ 1 ಮೆಗಾಬಿಟ್‌ನಲ್ಲಿ ಓಡುವ ವಿಡಿಯೊ ಒಂದು ಗಂಟೆಗೆ 450 ಎಂಬಿ ತಿನ್ನುತ್ತದೆ. ಇಂಥದ್ದನ್ನು ಒಂದೇ ಶಾಖೆಯಲ್ಲಿ 40 ಜನ ಒಟ್ಟಿಗೆ ನೋಡಿದರೆ ತರಬೇತಿಗೇ 40 ಎಂಬಿಪಿಎಸ್ ಬೇಕು, ದಿನದ ಕೆಲಸಕ್ಕೆ ಬೇಕಾದದ್ದು ಬೇರೆ. ಸಿಬ್ಬಂದಿ ತಮ್ಮ ಸ್ವಂತ ಡೇಟಾದಲ್ಲಿ ನೋಡುವುದಾದರೆ ಆ ದುಡ್ಡು ಯಾರು ಕೊಡುತ್ತಾರೆ ಅಂತ ಮೊದಲೇ ಬರೆದಿಡಿ. ಸುಮ್ನೆ ಇದ್ದರೆ ಅದೇ ಜಗಳಕ್ಕೆ ಮೂಲವಾಗುತ್ತದೆ.

ಆಮೇಲೆ ಸಮಯ. "ಬಿಡುವಾದಾಗ ನೋಡಿಕೊಳ್ಳಿ" ಅಂದರೆ ಯಾವಾಗಲೂ ನೋಡುವುದಿಲ್ಲ ಅಂತಲೇ ಲೆಕ್ಕ. ಶಿಫ್ಟ್‌ನಲ್ಲಿ ಯಾವ ಹೊತ್ತು, ಆಗ ಅವರ ಜಾಗದಲ್ಲಿ ಯಾರು ನಿಲ್ಲುತ್ತಾರೆ? ಈ ಎರಡಕ್ಕೆ ಸೂಪರ್‌ವೈಸರ್ ಉತ್ತರ ಕೊಡದಿದ್ದರೆ ತಾವೇ ನೋಡಿ ಕಲಿಯುವ ಕೋರ್ಸ್ ನಿಮಗೆ ಆಗುವುದಿಲ್ಲ. ಕೆಲಸ ಮುಗಿಸಿ ಮನೆಯಲ್ಲಿ ನೋಡಲಿ ಅನ್ನುವುದು ಉತ್ತರವಲ್ಲ, ಅದು ಸಂಬಳವಿಲ್ಲದ ಓವರ್‌ಟೈಮ್.

ಚಿಕ್ಕದಾಗಿ ಕಂಡು ದೊಡ್ಡ ತಲೆನೋವಾಗುವ ಸಂಗತಿಗಳೂ ಇವೆ. ಕಂಪನಿ ಇಮೇಲ್ ಇಲ್ಲದವರು ಲಾಗಿನ್ ಆಗುವುದು ಹೇಗೆ? ಪಾಸ್‌ವರ್ಡ್ ಮರೆತರೆ ರಾತ್ರಿ ಶಿಫ್ಟ್‌ನಲ್ಲಿ ಯಾರನ್ನು ಕೇಳಬೇಕು? ಗದ್ದಲದ ಜಾಗದಲ್ಲಿ ಆಡಿಯೊ ಕೇಳಿಸುತ್ತದೆಯೇ? ವಿಡಿಯೊದ ಕೆಳಗೆ ಮಾತುಗಳ ಸಾಲು ಬಂದರೆ ಕಿವಿ ಕೇಳದವರಿಗೂ ಗದ್ದಲದಲ್ಲಿರುವವರಿಗೂ ಅನುಕೂಲ. ವೆಬ್ ಪುಟಗಳನ್ನು ಎಲ್ಲರೂ ಬಳಸುವಂತಿರಬೇಕು ಅಂತ ಮಾಡಿರುವ ಡಬ್ಲ್ಯುಸಿಎಜಿ ಮಾನದಂಡದ ಎಎ ಮಟ್ಟಕ್ಕೆ ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ವ್ಯತ್ಯಾಸ ಇರಬೇಕು. ತಿಳಿ ಬೂದು ಬಣ್ಣದ ಅಕ್ಷರವನ್ನು ಬಿಳಿ ಹಿನ್ನೆಲೆಯಲ್ಲಿ ಹಾಕಿದ ಸ್ಲೈಡುಗಳು ಸಾಮಾನ್ಯವಾಗಿ ಇಲ್ಲೇ ಸೋಲುತ್ತವೆ. ಭಾಷೆಯ ಮಾತೂ ಇದೆ: ಸಿಬ್ಬಂದಿ ಕೆಲಸದಲ್ಲಿ ಆಡುವ ಭಾಷೆ ಒಂದು, ಸಿದ್ಧ ಕೋರ್ಸ್‌ನ ಭಾಷೆ ಇನ್ನೊಂದು ಆದರೆ ನಿಮಗೆ ಸಿಗುವುದು ಅವರ ಭಾಷಾ ಪರೀಕ್ಷೆಯ ಅಂಕ ಅಷ್ಟೇ.

ಹಂತ 5: ಯಾವ ಬಗೆಯ ಆನ್‌ಲೈನ್?

ಆನ್‌ಲೈನ್ ಅಂದರೆ ಒಂದೇ ಅಲ್ವಲ್ಲ. ಶಿಕ್ಷಕರು ನೇರವಾಗಿ ಬರುವ ಲೈವ್ ತರಗತಿ ಇದೆ, ತಾವೇ ನೋಡಿಕೊಂಡು ಹೋಗುವ ಮಾಡ್ಯೂಲ್ ಇದೆ, ಎರಡೂ ಮುಖಾಮುಖಿಯೂ ಸೇರಿದ ಮಿಶ್ರಣ ಇದೆ.

ಆರಿಸುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ವಿಷಯ ಪದೇ ಪದೇ ಬದಲಾಗುತ್ತಿದ್ದರೆ, ಅಥವಾ ಕಲಿಯುವವರು ಕಡಿಮೆ ಇದ್ದರೆ ಲೈವ್. ವಿಷಯ ವರ್ಷಗಟ್ಟಲೆ ಹಾಗೇ ಇದ್ದು ಹೊಸಬರು ಬರುತ್ತಲೇ ಇದ್ದರೆ ಮಾಡ್ಯೂಲ್. 3ನೇ ಹಂತದಲ್ಲಿ ಕೈಗೆಲಸದ ತುಂಡು ಬಂದಿದ್ದರೆ ಮಿಶ್ರಣ.

ಒಂದು ತಪ್ಪನ್ನು ಮಾತ್ರ ಹೇಳಲೇಬೇಕು. ಇಡೀ ದಿನದ ತರಗತಿಯನ್ನು ಹಾಗೇ ವಿಡಿಯೊ ಕಾಲ್‌ಗೆ ಎತ್ತಿಹಾಕಬೇಡಿ. ಮಧ್ಯಾಹ್ನದ ಹೊತ್ತಿಗೆ ಕ್ಯಾಮೆರಾಗಳು ಒಂದೊಂದಾಗಿ ಆಫ್ ಆಗುತ್ತವೆ. ಅದನ್ನು ಚಿಕ್ಕ ಚಿಕ್ಕ ಭಾಗ ಮಾಡಿ ಬೇರೆ ಬೇರೆ ದಿನ ಇಡಿ. ಬಿಡುವು ಕೊಟ್ಟು ಕಲಿತದ್ದು ಹೆಚ್ಚು ಕಾಲ ನಿಲ್ಲುತ್ತದೆ ಅನ್ನುವುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದರು.

ಹಂತ 6: ಲೆಕ್ಕ ಹಾಕಿ, ದುಡ್ಡಿಗಿಂತ ಮೊದಲು ಗಂಟೆಗಳಲ್ಲಿ

"ಆನ್‌ಲೈನ್ ಅಗ್ಗ" ಅನ್ನುವ ಮಾತು ಅರ್ಧ ನಿಜ. ಆನ್‌ಲೈನ್ ಕೋರ್ಸ್‌ಗೆ ಖರ್ಚು ಮೊದಲೇ ಆಗುತ್ತದೆ, ತರಗತಿಗೆ ಪ್ರತಿ ಬ್ಯಾಚ್‌ಗೂ ಆಗುತ್ತದೆ. ಯಾವುದು ಗೆಲ್ಲುತ್ತದೆ ಅನ್ನುವುದು ಎಷ್ಟು ಬ್ಯಾಚ್, ಎಷ್ಟು ಓಡಾಟ ಅನ್ನುವುದರ ಮೇಲೆ ನಿಂತಿದೆ.

ಒಂದು ಲೆಕ್ಕ ಮಾಡೋಣ. ಎಲ್ಲ ಅಂಕಿಗಳೂ ಊಹೆಯವು, ನಿಮ್ಮವನ್ನು ಹಾಕಿಕೊಳ್ಳಿ. ಎರಡು ಗಂಟೆಯ ಒಂದು ಕೋರ್ಸ್. ಅದನ್ನು ಆನ್‌ಲೈನ್‌ಗೆ ತಯಾರಿಸಲು 160 ಗಂಟೆ ಕೆಲಸ, ಮೊದಲ ವರ್ಷ ತಿದ್ದುಪಡಿಗೆ 20 ಗಂಟೆ. ಒಟ್ಟು 180. ಆಮೇಲೆ 20 ಜನರ ಒಂದು ಬ್ಯಾಚ್‌ಗೆ ಲಾಗಿನ್, ಅನುಮಾನ ಪರಿಹಾರ ಅಂತ 2 ಗಂಟೆ. ಅದೇ ಪಾಠ ತರಗತಿಯಲ್ಲಾದರೆ ಬ್ಯಾಚ್‌ಗೆ ಶಿಕ್ಷಕರ ಪಾಠ ಮತ್ತು ತಯಾರಿ ಸೇರಿ 6 ಗಂಟೆ.

ಸಿಬ್ಬಂದಿ ಬೇರೆ ಬೇರೆ ಕಡೆ ಇದ್ದು ಒಬ್ಬೊಬ್ಬರಿಗೆ ಹೋಗಿಬರಲು 3 ಗಂಟೆ ಬೇಕು ಅಂತಿಟ್ಟುಕೊಳ್ಳಿ. 20 ಜನಕ್ಕೆ 60 ಗಂಟೆ. ತರಗತಿಯ ಬ್ಯಾಚ್‌ಗೆ 66, ಆನ್‌ಲೈನ್‌ಗೆ 2. ಪ್ರತಿ ಬ್ಯಾಚ್‌ಗೂ 64 ಗಂಟೆ ಉಳಿತಾಯ. 180ನ್ನು 64ರಿಂದ ಭಾಗಿಸಿದರೆ 2.8. ಮೂರನೇ ಬ್ಯಾಚ್‌ಗೆ ಹಾಕಿದ್ದೆಲ್ಲ ವಾಪಸ್.

ಈಗ ಎಲ್ಲರೂ ಒಂದೇ ಕಟ್ಟಡದಲ್ಲಿದ್ದಾರೆ ಅಂತಿಟ್ಟುಕೊಳ್ಳಿ. ಓಡಾಟ ಇಲ್ಲ. ಉಳಿತಾಯ ಬ್ಯಾಚ್‌ಗೆ ಬರೀ 4 ಗಂಟೆ. 180 ವಾಪಸ್ ಬರಲು 45 ಬ್ಯಾಚ್ ಬೇಕು, ಅಂದರೆ 900 ಜನ. ಕೋರ್ಸ್ ಅದೇ, ಸಾಫ್ಟ್‌ವೇರ್ ಅದೇ, ತೀರ್ಮಾನ ಮಾತ್ರ ತಲೆಕೆಳಗು. ಒಂದೇ ಜಾಗದಲ್ಲಿರುವ ಚಿಕ್ಕ ಸಂಸ್ಥೆಗಳು ಮಾಡ್ಯೂಲ್ ಕಟ್ಟಲು ಹೊರಟರೆ ನಾನು ಎರಡು ಸಲ ಯೋಚಿಸಿ ಅನ್ನುವುದು ಇದಕ್ಕೇ. ಬೇರೆಯವರು ಮಾಡಿಟ್ಟ ಸಿದ್ಧ ಕೋರ್ಸ್ ಕೊಂಡರೆ ಲೆಕ್ಕ ಬದಲಾಗುತ್ತದೆ, ಆದರೆ ಅದು ನಿಮ್ಮ ಕೆಲಸವನ್ನೇ ಕಲಿಸುತ್ತದೆಯೇ ಅಂತ 3ನೇ ಹಂತದ ಶೀಟ್ ಪಕ್ಕದಲ್ಲಿಟ್ಟು ನೋಡಿ.

ಜನ ಬಿಟ್ಟುಬಿಡುವ ಖರ್ಚುಗಳು: ವಿಷಯ ತಜ್ಞರ ಸಮಯ, ಹಳತಾದದ್ದನ್ನು ತಿದ್ದುವುದು, ಇನ್ನೊಂದು ಭಾಷೆಗೆ ತರುವುದು, ಯಾರು ಮುಗಿಸಿಲ್ಲ ಅಂತ ಬೆನ್ನು ಹತ್ತುವುದು. ಕೊನೆಯದು ಒಬ್ಬರ ಅರ್ಧ ಕೆಲಸವನ್ನೇ ನುಂಗಬಹುದು.

ಹಂತ 7: ಒಂದೇ ಕೆಲಸ, ಒಂದೇ ಗುಂಪು ಇಟ್ಟುಕೊಂಡು ಪ್ರಯೋಗ

ಶೀಟ್‌ನಲ್ಲಿ ಹೌದು ಅಂತ ಬಂದ ಒಂದು ಸಾಲು ಆರಿಸಿ. ಇದಕ್ಕೆ ಏನೂ ಕೊಳ್ಳಬೇಡಿ. ಫೋನ್‌ನಲ್ಲಿ ಮಾಡಿದ ವಿಡಿಯೊ, ಗೂಗಲ್ ಫಾರ್ಮ್ಸ್‌ನಲ್ಲಿ ನಾಲ್ಕು ಪ್ರಶ್ನೆ ಸಾಕು. ಇಷ್ಟರಲ್ಲಿ ಕಲಿಯದ ವಿಷಯ ಚಂದದ ಅನಿಮೇಷನ್ ಹಾಕಿದ ಮಾತ್ರಕ್ಕೆ ತಲೆಗೆ ಹತ್ತುವುದು ಅಪರೂಪ.

ಮೊದಲ ಇಬ್ಬರು ಕಲಿಯುವಾಗ ಪಕ್ಕದಲ್ಲಿ ಕೂತು ನೋಡಿ, ಬಾಯಿ ತೆರೆಯಬೇಡಿ. ಎಲ್ಲಿ ಹಿಂದಕ್ಕೆ ಹೋದರು, ಎಲ್ಲಿ ಫೋನ್ ತೆಗೆದರು, ಯಾವ ಪ್ರಶ್ನೆಯನ್ನು ಓದದೇ ಒತ್ತಿದರು ಅಂತ ಬರೆದುಕೊಳ್ಳಿ.

ಅಳೆಯುವುದಕ್ಕೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ನಾಲ್ಕು ಮಟ್ಟಗಳು ಈಗಲೂ ಬಳಕೆಯಲ್ಲಿವೆ: ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಬಳಸುತ್ತಿದ್ದಾರೆಯೇ, ಫಲ ಬಂತೇ. ಹೆಚ್ಚಿನ ಸಂಸ್ಥೆಗಳು ಮೊದಲನೆಯದನ್ನು ಕೇಳಿ ಕೈತೊಳೆದುಕೊಳ್ಳುತ್ತವೆ. ನಿಮಗೆ ಬೇಕಾದದ್ದು ಮೂರನೆಯದು. ಮೂರು ನಾಲ್ಕು ವಾರ ಬಿಟ್ಟು 1ನೇ ಹಂತದಲ್ಲಿ ಎಣಿಸಿದ್ದನ್ನೇ ಮತ್ತೆ ಎಣಿಸಿ.

ಈ ಗುರುತುಗಳು ಕಂಡರೆ ಎಚ್ಚರ:

- ಅರ್ಧ ಗಂಟೆಯ ಪಾಠವನ್ನು ಬಹಳ ಜನ ಐದಾರು ನಿಮಿಷದಲ್ಲಿ ಮುಗಿಸಿದ್ದಾರೆ.
- ಎಲ್ಲರಿಗೂ ನೂರಕ್ಕೆ ನೂರು. ಒಂದೋ ಪ್ರಶ್ನೆ ತೀರಾ ಸುಲಭ, ಇಲ್ಲವೇ ಉತ್ತರಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿವೆ.
- ಕೊನೆಯ ದಿನ, ಅದೂ ರಾತ್ರಿ, ಒಟ್ಟಿಗೆ ಮುಗಿಸಿದ್ದಾರೆ.
- ಕೋರ್ಸ್ ಆದ ಮೇಲೂ ಅದೇ ಪ್ರಶ್ನೆಗಳು ಸೂಪರ್‌ವೈಸರ್ ಹತ್ತಿರ ಬರುತ್ತಿವೆ.

ಪ್ರಯೋಗ ಶುರುವಾಗುವ ಮುಂಚೆಯೇ "ತಪ್ಪು ಇಷ್ಟಕ್ಕೆ ಇಳಿಯದಿದ್ದರೆ ನಿಲ್ಲಿಸುತ್ತೇವೆ" ಅಂತ ಬರೆದು, ಖರ್ಚಿಗೆ ಸಹಿ ಹಾಕುವವರ ಸಹಿಯನ್ನು ಅದಕ್ಕೂ ಹಾಕಿಸಿಕೊಳ್ಳಿ. ಮುಗಿದ ಮೇಲೆ ಬರೆದರೆ ಎಲ್ಲ ಪ್ರಯೋಗವೂ ಯಶಸ್ವಿಯೇ.

ಹಂತ 8: ಈಗ ಸಾಫ್ಟ್‌ವೇರ್ ನೋಡಿ

ಇಲ್ಲಿಗೆ ಬರುವಷ್ಟರಲ್ಲಿ ನಿಮಗೆ ಏನು ಬೇಕು ಅಂತ ಗೊತ್ತಿರುತ್ತದೆ. ಎಷ್ಟೋ ಸಲ ಎಲ್‌ಎಂಎಸ್ (ಪಾಠ ಹಾಕಿ, ಯಾರು ಎಷ್ಟು ಕಲಿತರು ಅಂತ ದಾಖಲಿಸುವ ತರಬೇತಿ ಸಾಫ್ಟ್‌ವೇರ್) ಬೇಕೇ ಇಲ್ಲ ಅಂತಲೂ ಗೊತ್ತಾಗುತ್ತದೆ. ಒಂದೆರಡು ಕೋರ್ಸ್, ಕಡಿಮೆ ಜನ, ದಾಖಲೆ ತೋರಿಸಬೇಕಾದ ಕಾನೂನು ಇಲ್ಲ ಅಂದರೆ ಒಂದು ಹಂಚಿಕೊಂಡ ಫೋಲ್ಡರ್ ಮತ್ತು ಹಾಜರಿ ಶೀಟ್ ಸಾಕು.

ಬೇಕೇ ಬೇಕು ಅಂದರೆ ಡೆಮೊಗೆ ನಿಮ್ಮದೇ ಪ್ರಯೋಗದ ಪಾಠವನ್ನು ಕೊಟ್ಟು ಅದನ್ನೇ ಹಾಕಿ ತೋರಿಸಿ ಅನ್ನಿ. ನಿಮ್ಮ ಸಿಬ್ಬಂದಿಯ ಹತ್ತಿರ ಇರುವಂಥ ಫೋನ್‌ನಲ್ಲಿ ತೆರೆದು ನೋಡಿ. ಮೂಡಲ್‌ನಂಥ ಮುಕ್ತ ತಂತ್ರಾಂಶಕ್ಕೆ ಲೈಸೆನ್ಸ್ ದುಡ್ಡು ಇಲ್ಲ. ಆದರೆ ಸರ್ವರ್, ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳಲು ಜನ ಬೇಕು. ಅಂಥವರು ಇಲ್ಲದ ಕಡೆ ಅದು ಅಗ್ಗ ಆಗುವುದಿಲ್ಲ.

ಪಾಠದ ಫೈಲ್ ಯಾವ ರೂಪದಲ್ಲಿ ಇರುತ್ತದೆ ಅಂತ ಕೇಳಿ. ಸ್ಕಾರ್ಮ್ ಅನ್ನುವ ಮಾನದಂಡದಲ್ಲಿದ್ದರೆ ಒಂದು ಎಲ್‌ಎಂಎಸ್‌ನಿಂದ ಇನ್ನೊಂದಕ್ಕೆ ಒಯ್ಯುವುದು ಸುಲಭ. 2001ರ ಸ್ಕಾರ್ಮ್ 1.2 ಇವತ್ತಿಗೂ ಬಹಳ ಕಡೆ ಓಡುತ್ತಿದೆ. ಅದರಲ್ಲಿ ಒಂದು ಸಿಕ್ಕು ಇದೆ: ಕಲಿಯುವವರು ಎಲ್ಲಿ ನಿಲ್ಲಿಸಿದರು ಅನ್ನುವುದನ್ನು ಉಳಿಸಲು ಅದು ಕೊಡುವ ಜಾಗ 4,096 ಅಕ್ಷರ ಮಾತ್ರ. ಪಾಠ ತುಂಬ ಉದ್ದವಾದರೆ ಅದು ತುಂಬಿಹೋಗಿ, ಮರುದಿನ ತೆರೆದವರು ಮತ್ತೆ ಮೊದಲಿಂದ ಶುರು ಮಾಡಬೇಕಾಗಬಹುದು. "ನಿನ್ನೆ ಅರ್ಧ ಮುಗಿಸಿದ್ದೆ, ಇವತ್ತು ಏನೂ ಇಲ್ಲ" ಅನ್ನುವ ದೂರು ಬಂದರೆ ಮೊದಲು ಇದನ್ನೇ ನೋಡಿ. ಪಾಠವನ್ನು ಚಿಕ್ಕದಾಗಿ ಒಡೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಸಿದ್ಧವಾದ ಪಾಠದ ಜೊತೆ ಅದನ್ನು ತಿದ್ದಲು ಬೇಕಾದ ಮೂಲ ಫೈಲ್‌ಗಳನ್ನೂ ಒಪ್ಪಂದದಲ್ಲೇ ಕೇಳಿ. ಅಡೋಬಿ ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಾಗ, ಮೂಲ ಫೈಲ್ ಇಲ್ಲದವರು ಫ್ಲ್ಯಾಶ್‌ನಲ್ಲಿದ್ದ ಪಾಠಗಳನ್ನು ಮೊದಲಿಂದ ಮಾಡಬೇಕಾಯಿತು.

ಸಹಿ ಹಾಕುವ ಮುಂಚೆ ಕೇಳಬೇಕಾದ ಕೊನೆಯ ಪ್ರಶ್ನೆ: ಒಪ್ಪಂದ ಮುಗಿದರೆ ಯಾರು, ಯಾವಾಗ, ಎಷ್ಟು ಕಲಿತರು ಅನ್ನುವ ದಾಖಲೆ ನಮಗೆ ಯಾವ ರೂಪದಲ್ಲಿ, ಎಷ್ಟು ದಿನದೊಳಗೆ ಸಿಗುತ್ತದೆ? ಬಾಯಿಮಾತು ಬೇಡ. ಡೆಮೊ ನಡೆಯುತ್ತಿರುವಾಗಲೇ ಎಕ್ಸ್‌ಪೋರ್ಟ್ ಒತ್ತಿಸಿ, ಬಂದ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲಿ ತೆರೆದುಕೊಳ್ಳುತ್ತದೆಯೇ ನೋಡಿ. ತೆರೆಯದಿದ್ದರೆ ಮುಂದಿನ ಮಾರಾಟಗಾರರಿಗೆ ಫೋನ್ ಮಾಡಿ.